ಬೆಟ್ಟದ ಓಟ: ಹತ್ತುವುದಕ್ಕಿಂತ ಇಳಿಯುವುದನ್ನು ಕಲಿಯಿರಿ

ನಗರದ ಅಂಚಿನಲ್ಲಿ ಒಂದು ಸಣ್ಣ ಬೆಟ್ಟ. ಹೋಗಿ ಬರಲು ಆರು ಕಿಲೋಮೀಟರ್, 300 ಮೀಟರ್ ಏರು, ತುದಿಯಲ್ಲಿ ನಿಂತರೆ ಇಡೀ ಊರು ಕಣ್ಣ ಮುಂದೆ. ಇಂಥ ದಾರಿಯಲ್ಲಿ ಮೊದಲ ಸಲ ಓಡುವವರನ್ನು ಬಹಳ ನೋಡಿದ್ದೇನೆ. ಎಲ್ಲರಿಗೂ ಹತ್ತುವುದೇ ಚಿಂತೆ. ಆದರೆ ಜಾರಿ ಬೀಳುವುದು, ಪಾದ ಉಳುಕುವುದು, ಮರುದಿನ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿದು ನಿಲ್ಲುವುದು, ಇದೆಲ್ಲಕ್ಕೂ ಕಾರಣ ಇಳಿಯುವ ರೀತಿ. ಅದಕ್ಕೇ ಇಲ್ಲಿ ಇಳಿಯುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

1. ಹೊತ್ತು ಲೆಕ್ಕ ಹಾಕಿ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಒಂದು ಗಂಟೆ ನಲವತ್ತೆರಡು ನಿಮಿಷ ಆಯಿತು. ಇದು ನಡೆಯುವವರ ಲೆಕ್ಕ, ಓಡಿದರೆ ಬೇಗ ಮುಗಿಯುತ್ತದೆ ನಿಜ. ಆದರೆ ದಾರಿಯಲ್ಲಿ ಕಾಲು ಉಳುಕಿದರೆ ನಡೆದೇ ಬರಬೇಕು ಅಲ್ವಾ? ಸಂಜೆ ಹೋಗುವುದಾದರೆ ಕತ್ತಲಾಗುವುದಕ್ಕೆ ಎರಡೂವರೆ ಗಂಟೆ ಮೊದಲೇ ಹೊರಡಿ. ನನ್ನನ್ನು ಕೇಳಿದರೆ ಬೆಳಿಗ್ಗೆಯೇ ಹೋಗಿ.

2. ಶೂ ಮತ್ತು ಲೇಸ್

ಅಡಿಯಲ್ಲಿ 4ರಿಂದ 5 ಮಿಲಿಮೀಟರ್ ಆಳದ ಹಲ್ಲುಗಳಿರುವ ಟ್ರೇಲ್ ಶೂ (ಮಣ್ಣು-ಕಲ್ಲಿನ ದಾರಿಯ ಓಟದ ಶೂ) ಸಾಕು. ದಪ್ಪ ಸ್ಪಂಜಿನಂಥ ಅಡಿ ಇರುವ ರಸ್ತೆ ಓಟದ ಶೂ ಬೇಡ. ಟಾರು ರಸ್ತೆಯಲ್ಲಿ ಅದು ಹಾಯಾಗಿರುತ್ತದೆ, ಕಲ್ಲಿನ ಮೇಲೆ ಪಾದ ವಾಲಿದರೆ ಆ ಎತ್ತರವೇ ಇನ್ನಷ್ಟು ವಾಲಿಸುತ್ತದೆ. ಪಾದದ ಗಂಟಿಗೆ ಹಾಕುವ ತೆಳು ಎಲಾಸ್ಟಿಕ್ ಪಟ್ಟಿಗಳಿಗೂ ಸುಮ್ನೆ ದುಡ್ಡು ಹಾಕಬೇಡಿ. ಇಡೀ ಮೈಭಾರ ಒಂದು ಪಕ್ಕಕ್ಕೆ ಬಿದ್ದಾಗ ಆ ಬಟ್ಟೆ ತಡೆಯುವುದಿಲ್ಲ.

ಬೆರಳುಗಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಶೂವಿನ ಮೇಲ್ತುದಿಯಲ್ಲಿ ಸ್ವಲ್ಪ ಹಿಂದಕ್ಕೆ ಒಂದು ಒಂಟಿ ತೂತು ಇರುತ್ತದೆ, ಯಾರೂ ಬಳಸುವುದಿಲ್ಲ. ಲೇಸನ್ನು ಅದೇ ಪಕ್ಕದ ಆ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ. ಎರಡೂ ಕಡೆ ಹೀಗೆ ಮಾಡಿ, ಒಂದು ಕಡೆಯ ಲೇಸನ್ನು ಇನ್ನೊಂದು ಕಡೆಯ ಕುಣಿಕೆಯೊಳಗೆ ತೂರಿಸಿ, ಹಿಂದಕ್ಕೂ ಕೆಳಕ್ಕೂ ಎಳೆದು ಕಟ್ಟಿ. ಹಿಮ್ಮಡಿ ಜಾಗದಲ್ಲೇ ಕೂರುತ್ತದೆ, ಇಳಿಯುವಾಗ ಪಾದ ಮುಂದೆ ಜಾರಿ ಬೆರಳು ಬಡಿಯುವುದಿಲ್ಲ. ಓಡುವವರ ಉಗುರು ಕಪ್ಪಾಗುವುದು ಹೆಚ್ಚಾಗಿ ಈ ಬಡಿತದಿಂದಲೇ.

ನೀರಿನ ಬಾಟಲಿಯನ್ನು ಸೊಂಟದ ಬೆಲ್ಟಿಗೆ ಹಾಕಿ. ಎರಡೂ ಕೈ ಖಾಲಿ ಇರಬೇಕು.

3. ಹತ್ತುವುದು

ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗ ಸಾಕು, ಆಗದಿದ್ದರೆ ನಡೆಯಿರಿ. ಕಡಿದಾದ ಕಡೆ ಚೆನ್ನಾಗಿ ಓಡುವವರೂ ತೊಡೆ ಮೇಲೆ ಕೈಯೂರಿ ನಡೆಯುತ್ತಾರೆ.

4. ತುದಿಯಲ್ಲಿ

ನೋಡಿ, ಮನಸಾರೆ ನೋಡಿ. ಅದಕ್ಕೇ ತಾನೇ ಬಂದದ್ದು. ಆದರೆ ಬೆವರಿದ ಮೈಗೆ ಗಾಳಿ ತಾಗಿದರೆ ಐದೇ ನಿಮಿಷಕ್ಕೆ ಚಳಿ ಹಿಡಿಯುತ್ತದೆ, ತೊಡೆಯೂ ಬಿಗಿಯುತ್ತದೆ. ಬೆಲ್ಟಿನಲ್ಲಿ ತೆಳು ಜಾಕೆಟ್ ಒಂದಿರಲಿ. ಹೊರಡುವ ಮುಂಚೆ ಲೇಸನ್ನು ಮತ್ತೊಮ್ಮೆ ಬಿಗಿ ಮಾಡಿ.

5. ಇಳಿಯುವುದು

ಮೊದಲ ಇನ್ನೂರು ಹೆಜ್ಜೆ ನಡೆಯಿರಿ. ಬಿಗಿದ ಕಾಲು ಸಡಿಲವಾಗಲಿ.

ಇಳಿಜಾರು ಕಂಡ ಕೂಡಲೇ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಕಾಲು ಉದ್ದಕ್ಕೆ ಚಾಚುತ್ತದೆ, ಹಿಮ್ಮಡಿ ನೆಲಕ್ಕೆ ಗುದ್ದುತ್ತದೆ. ಸುರಕ್ಷಿತ ಅನ್ನಿಸುತ್ತದೆ, ಆದರೆ ಜಾರಿ ಬೀಳುವುದು ಹೀಗೇ. ಶೂವಿನ ಹಿಂದಿನ ಅಂಚು ಮಾತ್ರ ನೆಲಕ್ಕೆ ತಾಗಿರುತ್ತದೆ, ಉಳಿದ ಹಲ್ಲುಗಳೆಲ್ಲ ಗಾಳಿಯಲ್ಲಿ, ಭಾರವೆಲ್ಲ ಪಾದದ ಹಿಂದೆ. ಅಡಿಯಲ್ಲಿ ನಾಲ್ಕು ಹರಳು ಉರುಳಿದರೆ ಸಾಕು. ನನ್ನ ಮುಂದೆಯೇ ಒಬ್ಬ ಹುಡುಗ ಹೀಗೆ ಕೂತಂತೆ ಬಿದ್ದ, ಹಿಂದೆ ಕೈಯೂರಿದ. ಅಂಗೈ ಚರ್ಮ ಎದ್ದು, ಅದರೊಳಗೆ ಸಾಸಿವೆ ಗಾತ್ರದ ಹರಳುಗಳು ಕೂತಿದ್ದವು. ಬಾಟಲಿ ನೀರು ಪೂರ್ತಿ ಸುರಿದರೂ ಎರಡು ಹರಳು ಬರಲೇ ಇಲ್ಲ.

ಮಾಡಬೇಕಾದ್ದು ಇದು. ಸೊಂಟ ಪಾದದ ನೇರಕ್ಕೆ ಇರಲಿ, ಮಂಡಿ ಸ್ವಲ್ಪ ಬಾಗಿರಲಿ. ಒಂದು ಹೆಜ್ಜೆ ಹಾಕುವ ಜಾಗದಲ್ಲಿ ಎರಡು ಹಾಕಿ. ಪಾದ ಮೈ ಕೆಳಗೇ ಬೀಳಬೇಕು, ಇಡೀ ಅಂಗಾಲು ನೆಲ ಮುಟ್ಟಬೇಕು. ಕೈಗಳನ್ನು ಅಗಲ ಬಿಡಿ, ತೂಕ ಸರಿದೂಗಿಸುವುದು ಅವೇ. ಕಣ್ಣು ಮೂರ್ನಾಲ್ಕು ಮೀಟರ್ ಮುಂದಿರಲಿ, ಶೂ ತುದಿ ನೋಡುತ್ತಾ ಓಡಿದರೆ ಕಲ್ಲು ಕಾಣುವಷ್ಟರಲ್ಲಿ ಅದರ ಮೇಲೆಯೇ ಇರುತ್ತೀರಿ.

ಸರಿಯಾಗಿ ಇಳಿಯುತ್ತಿದ್ದೀರಾ ಎಂದು ತಿಳಿಯಲು ಸದ್ದು ಕೇಳಿ. ಪಟಪಟ ಅಂದರೆ ಸರಿ. ಧಪ್ ಧಪ್ ಅಂದರೆ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತಿದ್ದೀರಿ, ಆ ಪೆಟ್ಟು ಮಂಡಿಗೂ ತೊಡೆಯ ಮುಂಭಾಗಕ್ಕೂ ಹೋಗುತ್ತಿದೆ. ಇದಕ್ಕೇ ಇಯರ್‌ಫೋನ್ ಬೇಡ ಅನ್ನುವುದು. ಹಿಂದೆ ಬರುವವರ ಕಾಲ ಸಪ್ಪಳವೂ ಕೇಳಬೇಕು.

ನೆಲವನ್ನೂ ಓದಬೇಕು. ಒಣಗಿದ ಒರಟು ಬಂಡೆ ಒಳ್ಳೆಯದು, ಧೈರ್ಯವಾಗಿ ಕಾಲಿಡಿ. ಬಂಡೆ ಮೇಲೆ ತೆಳ್ಳಗೆ ಹರಳು ಹರಡಿದ್ದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಅಲ್ಲಿ ತಿರುಗಬೇಡಿ, ಬ್ರೇಕ್ ಹಾಕಬೇಡಿ, ವೇಗವನ್ನು ಅದಕ್ಕೆ ಮೊದಲೇ ಇಳಿಸಿ. ಒದ್ದೆ ಬೇರನ್ನು ತುಳಿಯದೆ ದಾಟಿ. ಒಣ ಎಲೆಯ ರಾಶಿ ಕಂಡರೆ ಒಳಗೊಂದು ಗುಂಡಿಯೋ ಕಲ್ಲೋ ಇದೆ ಎಂದುಕೊಂಡೇ ಕಾಲಿಡಿ. ಅನುಮಾನ ಬಂದರೆ ನಡೆಯಿರಿ.

ತಿರುವುಗಳ ನಡುವೆ ನೇರ ಕೆಳಗಿಳಿಯುವ ಕಳ್ಳದಾರಿಗಳು ಕಾಣುತ್ತವೆ. ದಯವಿಟ್ಟು ಬೇಡ. ಮಣ್ಣು ಅತಿ ಸಡಿಲವಾಗಿರುವುದು ಅಲ್ಲೇ. ಜನ ತುಳಿದು ಹುಲ್ಲು ಸತ್ತ ಆ ಗೆರೆಯಲ್ಲೇ ಮಳೆನೀರು ಇಳಿಯುತ್ತದೆ, ಒಂದೆರಡು ಮಳೆಗಾಲದಲ್ಲಿ ಕೊರಕಲು ಬಿದ್ದು ಮೂಲ ದಾರಿಯೂ ಕುಸಿಯುತ್ತದೆ. ನಮ್ಮ ಕಾಲಿನಿಂದಲೇ ಬೆಟ್ಟ ಹಾಳಾಗುವುದನ್ನು ನೋಡಲು ಆಗುವುದಿಲ್ಲ.

ಅಭ್ಯಾಸಕ್ಕೆ 50 ಮೀಟರಿನ ಒಂದು ಇಳಿಜಾರು ಹುಡುಕಿಕೊಳ್ಳಿ. ನಡೆದು ಹತ್ತಿ, ಓಡಿ ಇಳಿಯಿರಿ. ಐದು ಸಲ ಸಾಕು.

6. ಆಮೇಲೆ

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದಕ್ಕೆ ಹಿಗ್ಗುತ್ತಲೇ ಭಾರ ತಡೆಯುತ್ತದೆ. ಅದಕ್ಕೇ ಅಲ್ಲಿ ನೋವು ಹೆಚ್ಚು. ಅದು 24ರಿಂದ 72 ಗಂಟೆಗಳ ನಡುವೆ ಜೋರಾಗಿದ್ದು ತಾನಾಗಿ ಇಳಿಯುತ್ತದೆ. ಒಂದೇ ಜಾಗದಲ್ಲಿ ಚುಚ್ಚುವ ನೋವು, ಬಾವು, ಕಾಲೂರಲು ಆಗದಿರುವುದು ಬೇರೆ ವಿಷಯ, ಡಾಕ್ಟರಿಗೆ ತೋರಿಸಿ.

ನೋವು ಇಳಿದ ಮೇಲೆ ಬಿಟ್ಟುಬಿಡಬೇಡಿ. ಒಮ್ಮೆ ಹೀಗೆ ದಣಿದ ಸ್ನಾಯು ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಹತ್ತು ದಿನದೊಳಗೆ ಅದೇ ದಾರಿಗೆ ಮತ್ತೆ ಹೋಗಿ. ವೇಗ ಹೆಚ್ಚಿಸಬೇಡಿ, ಧಪ್ ಧಪ್ ಸದ್ದು ಎಲ್ಲೆಲ್ಲಿ ಬರುತ್ತಿದೆ ಎಂದು ಕೇಳಿಸಿಕೊಳ್ಳುತ್ತಾ ಇಳಿಯಿರಿ.