ಆರಿದ್ರೆಯನ್ನು ಕಣ್ಣಾರೆ ಕಂಡದ್ದು

ಒಮ್ಮೆ ಪಂಚಾಂಗ ನೋಡದೆ, ನಕ್ಷತ್ರ ನೋಡಲೆಂದು ಕಾವೇರಿ ದಂಡೆಯ ಭೀಮೇಶ್ವರಿಗೆ ಹೋಗಿದ್ದೆ. ಹುಣ್ಣಿಮೆ ಹತ್ತಿರವಿತ್ತು. ಬೆಳದಿಂಗಳಲ್ಲಿ ಕಾವೇರಿ ಚೆಂದ ಕಂಡಳು, ನಕ್ಷತ್ರಗಳು ಮಾತ್ರ ಬೆರಳೆಣಿಕೆಯಷ್ಟೇ. ಅಂದಿನಿಂದ ಶಿವರಾತ್ರಿಯ ಸುಮಾರಿಗೆ ಹೋಗುತ್ತೇನೆ. ಮಾಘ ಬಹುಳ ಚತುರ್ದಶಿ, ಮಾರನೆಗೇ ಅಮಾವಾಸ್ಯೆ. ಮೋಡವಿರುವುದಿಲ್ಲ, ಜಾಗರಣೆಗೂ ಅದೇ ರಾತ್ರಿ.

ಮಂಡ್ಯದಿಂದ ಮಳವಳ್ಳಿ, ಹಲಗೂರು ದಾಟಿದರೆ ಕಾವೇರಿ ವನ್ಯಜೀವಿಧಾಮ. ಆನೆ ನೀರಿಗೆ ಇಳಿಯುವ ಜಾಗ, ಸ್ವಂತ ಟೆಂಟ್ ಹೊಡೆಯುವ ಮಾತೇ ಇಲ್ಲ. ಹೊಳೆ ದಂಡೆಯ ಶಿಬಿರದಲ್ಲೇ ಟೆಂಟ್ ಕಾಯ್ದಿರಿಸಿದೆ. ಬೆಂಕಿಯನ್ನೂ ಹಾಕಲಿಲ್ಲ. ಆ ಹೊತ್ತಿಗೆ ಕಾಡೆಲ್ಲ ಒಣಗಿರುತ್ತದೆ, ಒಂದು ಕಿಡಿ ಸಾಕು. ಅಲ್ಲದೆ ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು 20–30 ನಿಮಿಷ ಬೇಕು, ಬೆಂಕಿಯನ್ನೋ ಮೊಬೈಲನ್ನೋ ಒಂದು ಸಲ ನೋಡಿದರೆ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡಿದ್ದೆ.

ಕಾವಲಿಗಿದ್ದ ಹಿರಿಯರನ್ನು ವರಾಂಡದ ಬಲ್ಬ್ ಆರಿಸಲು ಕೇಳಿದೆ. "ಆಯ್ತು ಸಾ, ಹೊಳೆ ತಾವ್ಕೆ ಮಾತ್ರ ಹೋಗ್ಬೇಡಿ, ಮೊಸಳೆ ಅವೆ" ಅಂದರು. ಎಂಟು ಗಂಟೆ. ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧ (ಒರಾಯನ್) ನೆತ್ತಿಯ ಹತ್ತಿರವಿದ್ದ. ಅವನ ಹೆಗಲ ಕೆಂಪು ಚುಕ್ಕೆ ತೋರಿಸಿ "ಇದು ಆರ್ದ್ರಾ" ಅಂದೆ.

"ಆರಿದ್ರೆ ಮಳೆ ಅಂತೀವಲ್ಲ, ಆ ಆರಿದ್ರೆನಾ?"

ಅದೇ. ಪಕ್ಕದಲ್ಲಿ ಮೃಗಶಿರ, ಅದರಾಚೆ ರೋಹಿಣಿ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆಗ ಬೀಳುವುದು ಆ ಹೆಸರಿನ ಮಳೆ. ಜೂನ್ ಕೊನೆಗೆ ಸೂರ್ಯ ಆರ್ದ್ರೆಯ ಬಳಿ ಇರುತ್ತಾನೆ, ಹಾಗಾಗಿ ಆರಿದ್ರೆ ಮಳೆಯಲ್ಲಿ ಆರಿದ್ರೆ ಕಾಣುವುದಿಲ್ಲ. ಅವರು ಬಹಳ ಹೊತ್ತು ಸುಮ್ಮನೆ ನೋಡಿದರು. ಆ ಹೆಸರು ಹೇಳಿಕೊಂಡೇ ಬಿತ್ತಿದ ಮನುಷ್ಯ. 10x50 ದುರ್ಬೀನಿನಲ್ಲಿ ವ್ಯಾಧನ ಖಡ್ಗದ ನೀಹಾರಿಕೆಯನ್ನೂ (ಅನಿಲ, ದೂಳಿನ ಮೋಡ) ತೋರಿಸಿದೆ. ಸುಮಾರು 1,300 ಜ್ಯೋತಿರ್ವರ್ಷ ದೂರ, ಹೊಗೆಯ ಎಳೆಯಂತೆ. ನೇರ ದಿಟ್ಟಿಸುವುದಕ್ಕಿಂತ ಸ್ವಲ್ಪ ಪಕ್ಕಕ್ಕೆ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಈಶಾನ್ಯದಲ್ಲಿ ಬೆಂಗಳೂರಿನ ಬೆಳಕು ಬಾನನ್ನು ಮಸುಕು ಮಾಡಿತ್ತು, ಅದು ನನಗೆ ನಿಜಕ್ಕೂ ನೋವು. ಹೊಳೆಯಾಚೆ ತೆಂಕಣ ಮಾತ್ರ ಗಾಢ ಕತ್ತಲು, ಅಲ್ಲಿ ಗುಡ್ಡದ ಮೇಲೆ ಅಗಸ್ತ್ಯ ನಕ್ಷತ್ರ.

ನಡುವೆ ಮಲಗಿದೆ. ನಾಲ್ಕೂವರೆಗೆ ಅವರೇ ಟೆಂಟಿನ ಹೊರಗೆ ನಿಂತು ಕೂಗಿದರು. ಆಗ್ನೇಯದಲ್ಲಿ ವೃಶ್ಚಿಕದ ಕೊಂಡಿಯ ಬಳಿ ಆಕಾಶಗಂಗೆ ಹಾಲು ಚೆಲ್ಲಿದಂತಿತ್ತು. ಅವರು ಅದನ್ನು ನೋಡುತ್ತಿರಲಿಲ್ಲ.

"ಸಾ, ಸ್ವಾತಿ ಮಳೇದು ಯಾವ್ದು?"

ನೆತ್ತಿಯ ಹತ್ತಿರ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿತ್ತು. ಕೈ ಎತ್ತಿ ತೋರಿಸಿದೆ.