ಪಾರ್ವತಿ ಪಾವರ್ತಿ ಆದ ವಾರ

ಬಿಇ ಮುಗಿಸಿ 2017ರಲ್ಲಿ ಹಾಸನದಿಂದ ಚಿಕ್ಕಮಗಳೂರಿಗೆ ಕೆಲಸಕ್ಕೆ ಹೋದೆ. ಕೋಡ್ ಬರೆಯಬೇಕು ಅನ್ನೋದು ಬಿಟ್ಟರೆ ಬೇರೆ ಆಸೆ ಇರಲಿಲ್ಲ. ಐ.ಜಿ. ರಸ್ತೆ ಹತ್ತಿರ ಮಹಡಿ ಮೇಲೊಂದು ಸಣ್ಣ ಆಫೀಸು, ನಾಲ್ಕೇ ಜನ. ಅಂಗಡಿಗಳಿಗೆ ಬಿಲ್ಲಿಂಗ್, ಎಸ್ಟೇಟುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಮೊದಲ ದಿನ ನನ್ನ ಕೈಗೆ ಕೊಟ್ಟಿದ್ದು ಕ್ರಿಂಪಿಂಗ್ ಟೂಲು, ನೆಟ್‌ವರ್ಕ್ ಕೇಬಲ್ಲಿನ ತುದಿಗೆ ಪಿನ್ ಕೂರಿಸೋ ಇಕ್ಕಳ.

ತಿಂಗಳುಗಟ್ಟಲೆ ಅದೇ ಆಯ್ತು. ಕೇಬಲ್ ಎಳಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ರಿಬ್ಬನ್ ಹಾಕು, ಸಿಡಿಲಿಗೆ ಸುಟ್ಟ ಮೋಡೆಮ್ ಬಿಚ್ಚಿ ತಾ. ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಂತೂ ಅಂಗಡಿ ಅಂಗಡಿ ಸುತ್ತಿ ಯಾವ ಸಾಮಾನಿಗೆ 5, ಯಾವುದಕ್ಕೆ 18 ಅಂತ ತುಂಬಿಸಿದ್ದೇ ತುಂಬಿಸಿದ್ದು. ವಾರಕ್ಕೊಮ್ಮೆ ಊರಿಗೆ ಹೋಗುವಾಗ ಬೇಲೂರು ದಾರಿಯ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟರೆ 'ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ' ಅಂತ ವೈರಿನ ಬಣ್ಣಗಳೇ ಕಣ್ಣ ಮುಂದೆ. ಬೆಂಗಳೂರಿನಲ್ಲಿದ್ದ ಕ್ಲಾಸ್‌ಮೇಟುಗಳು ಫೋನ್ ಮಾಡಿದರೆ "ಡೆವಲಪರ್" ಅಂತ ಸುಳ್ಳು ಹೇಳುತ್ತಿದ್ದೆ.

ಮುಂದಿನ ಜನವರಿ, ಕಾಫಿ ಕುಯ್ಲಿನ ಸಮಯ. ಕಾಫಿ ಬೀಜ ಹದ ಮಾಡೋ ಒಂದು ಕ್ಯೂರಿಂಗ್ ವರ್ಕ್ಸ್‌ನಿಂದ ಫೋನು. ಎಂಟು ಕಂಪ್ಯೂಟರಿನಲ್ಲಿ ಮೂರಕ್ಕೆ ಸರ್ವರ್ ಸಿಗುತ್ತಿಲ್ಲ. ಹೊರಗೆ ಮೂಟೆ ಹೊತ್ತ ಲಾರಿಗಳು ತೂಕದ ಚೀಟಿಗೆ ಕಾಯುತ್ತಿವೆ. ನಾನು ಹೋದವನೇ ಕೇಬಲ್ ಬದಲಿಸಿದೆ, ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ, ಕೊನೆಗೆ ಒಂದು ಕಂಪ್ಯೂಟರನ್ನು ಫಾರ್ಮ್ಯಾಟೇ ಮಾಡಿಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ. ಮಧ್ಯಾಹ್ನಕ್ಕೆ ನಮ್ಮ ಆಫೀಸಿನ ಸೀನಿಯರ್ ಅಣ್ಣ ಬಂದರು. ಕಂಪ್ಯೂಟರ್ ಮುಟ್ಟಲೇ ಇಲ್ಲ. ಗುಮಾಸ್ತರನ್ನು ಕೇಳಿದರು: "ನಿನ್ನೆ ಇಲ್ಲದ್ದು ಇವತ್ತು ಏನು ಬಂದಿದೆ ಸಾರ್ ಇಲ್ಲಿ?"

"ಏನೂ ಇಲ್ಲಪ್ಪ. ಫೋನಿಗೆ ನೆಟ್ ಸಿಗಲ್ಲ ಅಂತ ಮನೇದೊಂದು ವೈಫೈ ಡಬ್ಬಿ ತಂದು ಸಿಕ್ಕಿಸಿದೀನಿ, ಅಷ್ಟೇ."

ಆ ಡಬ್ಬಿಯೂ ಕಂಪ್ಯೂಟರುಗಳಿಗೆ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನೊಳಗಿನ ವಿಳಾಸ, ಹಂಚುತ್ತಿತ್ತು! ಐದು ಕಂಪ್ಯೂಟರಿಗೆ 192.168.1ರಿಂದ ಶುರುವಾಗೋ ವಿಳಾಸ, ಮೂರಕ್ಕೆ 192.168.0ರಿಂದ. ಒಂದೇ ಕೋಣೆಯಲ್ಲಿ ಎರಡು ಊರು. ಆ ವಿಳಾಸ ತೋರಿಸೋ ಐಪಿಕಾನ್ಫಿಗ್ ಕಮಾಂಡನ್ನು ಒಂದು ಸಲ ಟೈಪ್ ಮಾಡಿದ್ದರೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಅಣ್ಣ ಬೈಯಲಿಲ್ಲ. ವಾಪಸ್ ಬರುವಾಗ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಕೊಡಿಸಿದರು. ಬೈದಿದ್ದರೇ ವಾಸಿ ಇತ್ತು.

ಕೋಡ್ ಬರೆಯೋ ದಿನ ಬಂದಿದ್ದು ಆಲ್ದೂರು ಕಡೆಯ ಒಂದು ಎಸ್ಟೇಟಿನಿಂದ. ಅವರ ಚೆಕ್‌ರೋಲು (ಕೂಲಿಯವರ ಹಾಜರಿ-ಸಂಬಳದ ಪಟ್ಟಿ) ವರ್ಷಗಳಿಂದ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿತ್ತು. ಆ ಫಾಂಟಿನಲ್ಲಿ ಕಾಣೋದು ಕನ್ನಡ, ಒಳಗಿರೋದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಂಡುಗಳು. ಫಾಂಟ್ ತೆಗೆದರೆ ಬರೀ ಗೀಚು. ಹೊಸ ಸಾಫ್ಟ್‌ವೇರಿಗೆ ಯೂನಿಕೋಡ್ ಬೇಕು, ಅಂದರೆ ಒಳಗೂ ನಿಜವಾದ ಕನ್ನಡ ಅಕ್ಷರಗಳೇ. "ಈ ತುಂಡಿಗೆ ಈ ಅಕ್ಷರ" ಅಂತ ಒಂದು ಪಟ್ಟಿ ಮಾಡಿ, ಎರಡು ರಾತ್ರಿ ಕೂತು ಪೈಥಾನಿನಲ್ಲಿ ಪ್ರೋಗ್ರಾಮ್ ಬರೆದೆ. ಓಡಿತು. ಪ್ರಿಂಟ್ ತೆಗೆದುಕೊಂಡು ಜಂಬದಿಂದಲೇ ಹೋದೆ.

ಎಸ್ಟೇಟಿನ ರೈಟ್ರು, ಅಂದರೆ ಲೆಕ್ಕ ಬರೆಯೋರು, ಕನ್ನಡಕ ಏರಿಸಿ ಮೊದಲ ಪೇಜು ನೋಡಿದರು. "ಇದ್ಯಾರಪ್ಪಾ ಪಾವರ್ತಿ? ಈ ಧಮರ್ ಯಾರು? ನಮ್ಮ ಲೈನ್ ಮನೇಲಿ ಇಂಥೋರು ಯಾರೂ ಇಲ್ಲ."

ಅರ್ಕಾವತ್ತು ಕೈಕೊಟ್ಟಿತ್ತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣೋ ಹಾಗೇ, ಅಕ್ಷರ ಆದ ಮೇಲೆ ಬರುತ್ತೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳೋ ಹಾಗೆ, 'ರ್' ಮೊದಲು, 'ವ' ಆಮೇಲೆ. ಸರಿ, 'ರ್' ಅನ್ನು ಒಂದು ಜಾಗ ಹಿಂದಕ್ಕೆ ತಳ್ಳಿದೆ. ಪಾರ್ವತಿ, ಧರ್ಮ ಇಬ್ಬರೂ ಸರಿಯಾದರು, ಆದರೆ ಕೀರ್ತಿ ಒಡೆದುಹೋದಳು. 'ತಿ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿಗೆ 'ತ' ಬೇರೆ, ಗುಡಿಸು ಬೇರೆ. ನನ್ನ 'ರ್' ಅವೆರಡರ ನಡುವೆ ಹೋಗಿ ಕೂತಿತ್ತು. ಗುಡಿಸು, ಕೊಂಬು, ಒತ್ತಕ್ಷರ ಎಲ್ಲ ದಾಟಿ ಮೂಲ ವ್ಯಂಜನದ ಹಿಂದಕ್ಕೆ ಹೋಗಬೇಕು ಅಂತ ಹೊಳೆಯೋಕೆ ಇನ್ನೆರಡು ದಿನ ಬೇಕಾಯ್ತು. ನಾಲ್ಕು ವರ್ಷ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಓದಿದ್ದೆ, ಆದರೆ ಕನ್ನಡ ಕಂಪ್ಯೂಟರಿನೊಳಗೆ ಹೇಗೆ ಕೂತಿರುತ್ತೆ ಅಂತ ಒಬ್ಬರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಬಟವಾಡೆಯ ಹಿಂದಿನ ದಿನ ಮೂರನೇ ಸಲ ಪ್ರಿಂಟ್ ಕೊಟ್ಟೆ. ರೈಟ್ರು ಕೆಂಪು ಪೆನ್ನು ಹಿಡಿದು ಒಂದೊಂದು ಹೆಸರನ್ನೂ ಜೋರಾಗಿ ಓದಿದರು. ಪಕ್ಕದಲ್ಲಿ ನೋಟ್‌ಬುಕ್ ತೆರೆದು ಕೂತಿದ್ದೆ. ಕೊನೆಯ ಪೇಜಿನಲ್ಲಿ ಒಂದೇ ಒಂದು ಹೆಸರಿಗೆ ಗೆರೆ ಎಳೆದರು. ಲ್ಯಾಪ್‌ಟಾಪಿನಲ್ಲಿ ಹಳೇ ಫೈಲು ತೆಗೆದು ತೋರಿಸಿದೆ, ಅಲ್ಲೂ ಹಾಗೇ ಇತ್ತು. ರೈಟ್ರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ಇದು ನಂದೇ ಕಣಪ್ಪ. ಟೀ ಕುಡಿ, ಬಾ."