ಅರ್ಜಿ ಯಾರಿಗೆ ಬರೆಯಬೇಕು? ಮೊದಲು ಸಂವಿಧಾನದ ಪಟ್ಟಿ ನೋಡಿ

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಜೆರಾಕ್ಸ್‌ಗಿಂತ ಜಾಸ್ತಿ ಬರುವುದು ಅರ್ಜಿ ಟೈಪ್ ಮಾಡಿಸುವವರು. "ಯಾರಿಗೆ ಬರೀಲಿ?" ಅಂದರೆ "ಸರ್ಕಾರಕ್ಕೆ" ಅನ್ನುತ್ತಾರೆ. ಯಾವ ಸರ್ಕಾರಕ್ಕೆ ಅಂದಾಗ ಮುಖ ಮುಖ ನೋಡುತ್ತಾರೆ. ಆನೆ, ಕಾಫಿ, ರಸ್ತೆ, ಜಮ್ಮಾ ಬಾಣೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಹಿಡುವಳಿ ಜಮೀನು) ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿ ಡಿಸಿ ಆಫೀಸಿಗೆ ಕೊಟ್ಟರೆ ಅದು ಟೇಬಲ್‌ನಿಂದ ಟೇಬಲ್‌ಗೆ ತಿರುಗುತ್ತಲೇ ಇರುತ್ತದೆ. ಅದಕ್ಕೆ ಒಂದು ಹಾಳೆಗೆ ಒಂದೇ ವಿಷಯ. ಆಮೇಲೆ ಆ ವಿಷಯ ಯಾರ ಪಾಲಿನದು ಅಂತ ನೋಡಬೇಕು.

ಪಾಲು ಮಾಡಿರುವುದು ಸಂವಿಧಾನದ 246ನೇ ವಿಧಿ. ಪಟ್ಟಿಗಳು ಸಿಗುವುದು 7ನೇ ಅನುಸೂಚಿಯಲ್ಲಿ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ಯಾವುದರಲ್ಲೂ ಇಲ್ಲದ್ದು ಕೇಂದ್ರಕ್ಕೆ. ಭೂಮಿ, ಪೊಲೀಸ್, ಆಸ್ಪತ್ರೆ ರಾಜ್ಯದ್ದು. ಜಮ್ಮಾ ಬಾಣೆಯ ಆರ್‌ಟಿಸಿ ಸರಿಯಾಗಿಲ್ಲ ಅಂತ ಎಂಪಿ ಮನೆಗೆ ಹೋಗುವುದು ಸುಮ್ನೆ ಪೆಟ್ರೋಲ್ ಖರ್ಚು. ಪ್ರತ್ಯೇಕ ಕೊಡಗು ರಾಜ್ಯ ಬೇಕು ಅಂತ ಎಂಎಲ್‌ಎಗೆ ಕೊಡುವ ಮನವಿಯದ್ದೂ ಅದೇ ಕಥೆ. 3ನೇ ವಿಧಿಯ ಪ್ರಕಾರ ರಾಜ್ಯಗಳ ಗಡಿ ಬದಲಿಸುವುದು ಪಾರ್ಲಿಮೆಂಟ್. ಹಿಂದೆ ಕೊಡಗೇ ಒಂದು ರಾಜ್ಯವಾಗಿದ್ದಾಗ ನಮಗೂ 24 ಸದಸ್ಯರ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. ದೆಹಲಿಯಲ್ಲಿ ಒಂದು ಕಾಯ್ದೆ ಆಯಿತು, 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರಿತು.

ರಸ್ತೆಯದ್ದು ಸುಲಭ. ಮೈಲಿಗಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಅಂದರೆ ಕೇಂದ್ರದ್ದು. ಸಂಪಾಜೆ, ಮಡಿಕೇರಿ, ಕುಶಾಲನಗರ ದಾಟಿ ಹೋಗುವ 275 ಅಂಥದ್ದು. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಊರೊಳಗಿನ ಕಚ್ಚಾ ರಸ್ತೆಗೆ ಮೊದಲು ಪಂಚಾಯ್ತಿ ಪಿಡಿಒ ಹತ್ತಿರ ಹೋಗಿ.

ಕಾಫಿಯಲ್ಲಿ ತಲೆ ತಿರುಗುತ್ತದೆ. ಕಾಫಿ ಬೋರ್ಡ್ ಇರುವುದು 1942ರ ಕೇಂದ್ರ ಕಾಯ್ದೆಯಿಂದ, ಹಾಗಾಗಿ ಬೋರ್ಡಿನ ಸಬ್ಸಿಡಿ ವಿಷಯ ಕೇಂದ್ರಕ್ಕೆ ಸೇರಿದ್ದು. ತೋಟದ ಮಣ್ಣು ಮಾತ್ರ ರಾಜ್ಯದ ಲೆಕ್ಕ. ತೆರಿಗೆಯಲ್ಲಂತೂ ಗೆರೆ ಒಂದೇ ಚೀಲದ ನಡುವೆ ಹಾದುಹೋಗುತ್ತದೆ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯ ಪಟ್ಟಿಯಲ್ಲಿದೆ, ಉಳಿದ ಆದಾಯದ್ದು ಕೇಂದ್ರ ಪಟ್ಟಿಯಲ್ಲಿ. ನಿಮ್ಮದೇ ತೋಟದ ಚೆರ್ರಿಯನ್ನೋ (ಕಾಫಿ ಹಣ್ಣು) ಪಾರ್ಚ್‌ಮೆಂಟನ್ನೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ, ಅಂದರೆ ಒಣ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ, ಮಾರಿದರೆ ಲಾಭದ 25 ಶೇಕಡಾ ವ್ಯಾಪಾರದ ಆದಾಯ, ಅಷ್ಟರ ಮೇಲೆ ಕೇಂದ್ರದ ತೆರಿಗೆ. ಹುರಿದು ಪುಡಿ ಮಾಡಿ ಮಾರಿದರೆ 40 ಶೇಕಡಾ. ಈ ಲೆಕ್ಕ ಇರುವುದು ಆದಾಯ ತೆರಿಗೆ ನಿಯಮಗಳಲ್ಲಿ; 1962ರ ನಿಯಮಗಳಲ್ಲಿ ಅದು 7ಬಿ ಆಗಿತ್ತು. ಪ್ಯಾಕೆಟ್ ಮಾಡಿ ಮಾರಲು ಹೊರಟಿರುವ ಹುಡುಗರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಆನೆ ವಿಷಯಕ್ಕೆ ಇನ್ನೊಂದು ಹೆಜ್ಜೆ ಬೇಕು. ಕಾಡುಪ್ರಾಣಿ ರಕ್ಷಣೆ ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. 1972ರ ವನ್ಯಜೀವಿ ಕಾಯ್ದೆ ಪಾರ್ಲಿಮೆಂಟಿನದು. ಆದರೆ ಆನೆ ಹಿಡಿಯಲು ಆದೇಶ ಕೊಡುವ ಮುಖ್ಯ ವನ್ಯಜೀವಿ ವಾರ್ಡನ್ ರಾಜ್ಯದ ಅಧಿಕಾರಿ. ಕಾನೂನು ಮಾಡುವ ಕೈ ಒಂದು, ಜಾರಿ ಮಾಡುವ ಕೈ ಇನ್ನೊಂದು. ನಮ್ಮ ದೇಶದಲ್ಲಿ ಬಹಳಷ್ಟು ಕೇಂದ್ರ ಕಾಯ್ದೆಗಳನ್ನು ನಡೆಸುವವರು ರಾಜ್ಯದ ಅಧಿಕಾರಿಗಳೇ. ಹಾಗಾಗಿ ತೋಟ ಹಾಳಾಗಿದೆ, ಪರಿಹಾರ ಕೊಡಿ ಅನ್ನುವ ಅರ್ಜಿ ರಾಜ್ಯದ ಅರಣ್ಯ ಇಲಾಖೆಗೆ. ಕಾಯ್ದೆಯೇ ಬದಲಾಗಲಿ ಅನ್ನುವುದಾದರೆ ಎಂಪಿಗೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಎರಡೂ ಕೆಟ್ಟಂತೆ.

ಕೋವಿಯೂ ಹೀಗೆಯೇ. ಶಸ್ತ್ರಾಸ್ತ್ರ ಕೇಂದ್ರ ಪಟ್ಟಿಯದ್ದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಕೊಟ್ಟಿರುವುದು ಕೇಂದ್ರ ಸರ್ಕಾರ, ಈಗಿನದ್ದು 2029ರವರೆಗೆ. ವಿನಾಯಿತಿ ಪತ್ರಕ್ಕೆ ಅರ್ಜಿ ಕೊಡಬೇಕಾದದ್ದು ಡಿಸಿ ಆಫೀಸಿಗೆ. ಈ ವಿನಾಯಿತಿ ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಅರ್ಜಿ ಹೋಗಿತ್ತು. 2021ರಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಪಟ್ಟಿಯಲ್ಲಿ ಹೆಸರಿದೆ ಅಂದಮಾತ್ರಕ್ಕೆ ಸರ್ಕಾರ ಏನು ಬೇಕಾದರೂ ಮಾಡಬಹುದು ಅಂತಲ್ಲ. ಮೂಲಭೂತ ಹಕ್ಕಿಗೆ ಅಡ್ಡಬರುವ ಕಾನೂನು ಆ ಮಟ್ಟಿಗೆ ನಿಲ್ಲುವುದಿಲ್ಲ, ಅದು 13ನೇ ವಿಧಿ. ಕಾನೂನಿನ ಆಧಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ, 265. ಕಾನೂನಿನ ಆಧಾರ ಇಲ್ಲದೆ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ, 300ಎ. ಅರ್ಜಿಯಲ್ಲಿ ನಾನು ಜಾಸ್ತಿ ಬಳಸುವುದು ಈ ಕೊನೆಯದ್ದು.

ನಮ್ಮ ಪಕ್ಕದ ಊರಿನ ಒಬ್ಬರ ತೋಟದಲ್ಲಿ ರಸ್ತೆ ಬದಿಯ ಸಿಲ್ವರ್ ಓಕ್ ಮರಗಳಿಗೆ ಯಾರೋ ಬಂದು ಕೆಂಪು ಬಣ್ಣದಲ್ಲಿ ನಂಬರ್ ಹಾಕಿ ಹೋಗಿದ್ದರು. ನೋಟಿಸ್ ಇಲ್ಲ, ಏನಿಲ್ಲ. ಅವರು ಎರಡು ಪುಟ ಗೋಳು ಬರೆದುಕೊಂಡು ಬಂದಿದ್ದರು. ಅದನ್ನು ಪಕ್ಕಕ್ಕಿಟ್ಟು ಇಷ್ಟೇ ಟೈಪ್ ಮಾಡಿದೆ: "ಈ ಮರಗಳಿಗೆ ಗುರುತು ಹಾಕಿರುವುದು ಯಾವ ಕಾಯ್ದೆಯ ಯಾವ ಸೆಕ್ಷನ್ ಅಡಿಯಲ್ಲಿ? ಆದೇಶದ ಪ್ರತಿ ಕೊಡಿ." ಆಮೇಲೆ ನೋಟಿಸ್ ಬಂತು. ಆಕ್ಷೇಪಣೆ ಹಾಕಲು ಸಮಯವೂ ಸಿಕ್ಕಿತು. ಗೋಳು ಬರೆಯಬೇಡಿ ಅಂತಲ್ಲ. ಆದರೆ ಅದಕ್ಕೆ ಉತ್ತರ ಕೊಡಲೇಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ, ಅಲ್ವಾ?

ಪ್ರತಿ ಅರ್ಜಿಗೂ ಎರಡು ಪ್ರತಿ ತೆಗೆಸಿ, ಒಂದಕ್ಕೆ ಸೀಲ್ ಹಾಕಿಸಿಕೊಳ್ಳಿ. ಮುಂದೆ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಬೇಕಾಗಿ ಬಂದರೆ ವಕೀಲರು ಮೊದಲು ಕೇಳುವುದು ಅದನ್ನೇ.

ಇಷ್ಟೆಲ್ಲ ನೋಡಿಯೂ ಯಾರ ಪಾಲು ಅಂತ ಗೊತ್ತಾಗದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ತಪ್ಪು ಆಫೀಸಿಗೆ ಹೋದರೂ 6(3)ನೇ ಸೆಕ್ಷನ್ ಪ್ರಕಾರ 5 ದಿನದೊಳಗೆ ಸರಿಯಾದ ಕಡೆಗೆ ಕಳಿಸುವುದು ಅವರದೇ ಕೆಲಸ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿದರೆ ಸಾಕು.